ಅಳತಿ ವಹಿ

ಗಟ್ಟಿ ಕೆಂಪು ರಟ್ಟಿನ ವಹಿ.
ಒಳಗ ಒಂದೂ ಹೆಸರಿಲ್ಲ.
ತುಳಸಿಪಾನ: ಎದಿ ಮೂವತ್ತಾರು, ತೋಳು ಬಿಗಿ.
ಆನಿಹೆಜ್ಜಿ: ಬೆನ್ನು ಅಗಲ, ಹುಕ್ಕು ಮುಂದ.
ಯಾವ ಖಣ ತಗೊಂಡು ಮೊದಲ ಸಲ ಬಂದ್ಲೋ
ಅದ ಅಕಿ ಹೆಸರು ನನ್ನ ಕಡೆ.

ನಮ್ಮತ್ತಿ ಕಾಶವ್ವ ಹಾಕಿಕೊಟ್ಟ ರೀತಿ.
"ಅಳತಿ ತಗೊಳ್ಳೂ ಕೈಗೆ ಕಣ್ಣಿರಬೇಕು,
ಬಾಯಿ ಇರಬಾರದು" ಅಂತಿದ್ಲು.
ಸಾಯೂ ಹಿಂದಿನ ವಾರ ತನ್ನ ವಹಿ ತಾನ
ನೀರೊಲಿಗೆ ಹಾಕಿದ್ಲು.
ಗುಳೇದಗುಡ್ಡದ ಅರ್ಧ ಹೆಂಗಸರ ಗುಟ್ಟು
ಕಾದು ಹಬಿಯಾಡಿತು ಹಂಡೇದಾಗ.
ಆ ನೀರು ನಾವೆಲ್ಲ ಮೈಮ್ಯಾಲ ಹಾಕ್ಕೊಂಡ್ವಿ.

ನಮ್ಮ ಓಣಿಯೊಳಗ ಮಗ್ಗದ ಲಟಪಟಕ್ಕ
ಮೆಲ್ಲಕ ಆಡಿದ ಮಾತು ಹೊಸ್ತಿಲಾ ದಾಟೂದಿಲ್ಲ.
ಅದಕ್ಕ ಇಲ್ಲಿಗೆ ಬರ್ತಾರ.

ಒಬ್ಬಾಕಿ ಬಂದ್ಲು. ಸೀತಾಮುಡಿ ಅಂತ ಇಟ್ಕೋರಿ.
ಬೆಳಗಾವಿ ದವಾಖಾನಿ ಬಿಟ್ಟು ಎರಡು ತಿಂಗಳಾಗಿತ್ತು.
ಮನಿಯವರು ಊರಿಗೆ ಹೇಳಿದ್ದು: ಪಿತ್ತಕೋಶದಾಗ ಹರಳು.
ಬಾಗಿಲಾ ಮುಂದ ಮಾಡಿದೆ. ಸೆರಗು ಸರಿಸಿದ್ಲು.
ಟೇಪು ಎಡಕ್ಕ ಬಂದಲ್ಲಿ ನನ್ನ ಕೈ ನಿಂತಿತು,
ಒಂದು ಉಸಿರಿನಷ್ಟು.
ಮತ್ತ ನಡೀತು.
ಹೊಸಾ ಹತ್ತಿ ಹಿಂಜಿ, ಮಲ್ಲಿನ ಬಟ್ಟಿಯೊಳಗ ತುಂಬಿ
ಖಣದ ಒಳಬದಿಗೆ ಕೂಡಿಸಿ ಹೊಲಿದೆ.
ಕನ್ನಡಿ ಮುಂದ ಆ ಕಡೆ ತಿರುಗಿದ್ಲು, ಈ ಕಡೆ ತಿರುಗಿದ್ಲು.
ಹೊಲಿಗಿ ಎಷ್ಟಾತು ಅಂತ ಕೇಳಿದ್ಲು. ಅಷ್ಟ.

ದೀಪಾವಳಿ ಮುಗಿದ ವಾರ ಮತ್ತ ಬಂದ್ಲು.
ಕೂಡ್ರಲಿಲ್ಲ.
"ಯಾರಿಗೆ ಹೇಳಿದಿ?"

ಮಗಳನ್ನ ನೋಡಾಕ ಬಂದಿದ್ರಂತ ಇಳಕಲ್ಲಿನವರು.
ಸೂಸಲಾ ಮಿರ್ಚಿ ಆಗಿತ್ತು, ಚಹಾ ಬಂದಿತ್ತು.
ದೊಡ್ಡ ಮಗಳ ಮದಿವಿ ವಿಡಿಯೋ ತೋರಸ್ತೀನಿ ಅಂತ
ಬೀಗತಿ ಆಗಬೇಕಾದಾಕಿ ಮುಂದ ಫೋನ್ ಹಿಡಿದ್ರ
ಅಕ್ಕಿಕಾಳಿಗಿಂತ ಮೊದಲ ಜಾಹೀರಾತು ಬಿತ್ತು:
ಸಿಲಿಕಾನಿನ ಮೊಲಿ, ಒಂದ ಬದಿಗೂ ಸಿಗ್ತೈತಿ,
ಹಬ್ಬಕ್ಕ ನಲವತ್ತು ಪರ್ಸೆಂಟ್ ಕಡಿಮಿ.
ಐದು ಸೆಕೆಂಡು ದಾಟಿಸಾಕ ಬರೂದಿಲ್ಲ ಅದನ್ನ.
ಐದು ಸೆಕೆಂಡು ಎಲ್ಲಾರೂ ನೋಡಿದ್ರು.

ನಾ ಕತ್ರಿ ಮುಟ್ಟಿ ಆಣಿ ಮಾಡಿದೆ.
ಅಕಿ ಕತ್ರಿ ನೋಡಲಿಲ್ಲ, ನನ್ನ ಬಾಯಿ ನೋಡಿದ್ಲು.

"ಫೋನಿಗೆ ಏನರ ಕೇಳಿದ್ಯಾ?"
"ಒಂದ ಸಲ. ರಾತ್ರಿ. ಎಲ್ಲಾರೂ ಮಲಗಿದ ಮ್ಯಾಲೆ.
ಅದೂ ಬರದು ಕೇಳಿದೆ. ಬಾಯಿ ಬಿಟ್ಟಿಲ್ಲ."

ಮಗಳನ್ನ ಕರಸಿದ್ವಿ. ಹುಡುಗಿ ಇಲ್ಲೇ ಮಷೀನಿನ ಬಾಜೂಕ ಕುಂತು
ಒಂದೊಂದ ಬಂದ್ ಮಾಡಿದ್ಲು. ಜಾಗ ಬಂದ್. ಮೈಕು ಬಂದ್.
ಹುಡುಕಿದ್ದೆಲ್ಲಾ ಅಳಿಸು.
ಪ್ರತಿ ಸಲ ಕೇಳ್ತಿತ್ತು ಅದು: ನಿಮಗೆ ಖಚಿತವೇ?
ತಗೊಳ್ಳುವಾಗ ಒಮ್ಮಿಯೂ ಕೇಳಿದ್ದಿಲ್ಲ.

ಇಳಕಲ್ಲಿನವರು ತಿಳಸ್ತೀವಿ ಅಂದು ಹೋದವರು ತಿಳಿಸಿಲ್ಲ.
ಗೌರಿ ಹುಣ್ಣಿವಿಗೆ ಹೊಲಿ ಅಂತ ಮೊದಲ ಕೊಟ್ಟಿದ್ದ ಖಣ
ನನ್ನ ಪೆಟ್ಟಿಗಿಯೊಳಗ ಇನ್ನೂ ಐತಿ.
ನಂಬ್ಯಾಳೋ ಇಲ್ಲೋ.
ಬಸ್‌ಸ್ಟ್ಯಾಂಡಿನಾಗ ಕಂಡ್ರ ನಗ್ತಾಳ, ತುಟಿ ಮುಚ್ಚಿ.

ನಿನ್ನಿ ಬಾಗಲಕೋಟಿಯಿಂದ ಒಬ್ಬ ಹುಡುಗ ಬಂದಿದ್ದ,
ಕೈಯಾಗ ಟ್ಯಾಬು, ಕೊರಳಾಗ ಕಂಪನಿ ಕಾರ್ಡು.
"ಅಕ್ಕಾರ, ಅಳತಿ ಎಲ್ಲಾ ಇದರಾಗ ಹಾಕ್ರಿ.
ಕಳಿಯೂದಿಲ್ಲ, ಹರಿಯೂದಿಲ್ಲ. ಫುಕಟ್."
ಕಳೀಲಾರದ್ದು, ಹರೀಲಾರದ್ದು ಅಂದ್ರ
ನನಗ ಅಂಜಿಕಿ ತಮ್ಮಾ, ಅಂದೆ.
ಅವನ ಅಂಗಿ ಗುಂಡಿ ಒಂದು ಜೋತಾಡ್ತಿತ್ತು.
ಹಚ್ಚಿಕೊಟ್ಟೆ. ಅದು ಖರೇನ ಫುಕಟ್.

ಇಷ್ಟು ಹೇಳೀನಂತ ಯಾರನ್ನೂ ಎಣಿಸಿ ನೋಡಬ್ಯಾಡ್ರಿ.
ಎಡಕ್ಕ ಅಂದೆನಲ್ಲ, ಬಲಕ್ಕ ಇರಬಹುದು.
ಇಳಕಲ್ಲು ಇಳಕಲ್ಲಲ್ಲ. ಹರಳೂ ಹರಳಲ್ಲ.
ಸೀತಾಮುಡಿ ಅನ್ನೂ ಖಣ ಈ ವಹಿಯೊಳಗ ಇಲ್ಲೇ ಇಲ್ಲ.

ಸಂಜಿ ಆತು. ಮಗ್ಗ ನಿಂತಾವು.
ಈಗ ಮಾತಾಡಿದ್ರ ಓಣಿತುಂಬ ಕೇಳಸ್ತೈತಿ.
ಟೇಪು ಸುತ್ತಿ ಇಡ್ತೀನಿ,
ಅಂಕಿ ಒಳಗ ಮಾಡಿ.