ಚರ, ಅಚರ

ಮೂವತ್ತೊಂದರೊಳಗೆ ಆಸ್ತಿ ವಿವರ ಕೊಡಿ ಅಂತ
ಡಿಪೋದಲ್ಲಿ ಸುತ್ತೋಲೆ.
ಅಚರ: ವಿನೋಬನಗರದ ಮೂವತ್ತು-ನಲವತ್ತು ಸೈಟು, ಅರ್ಧ ಪಾಲು.
ಚರ: ಸ್ಕೂಟರು, ಎರಡೆಳೆ ಸರ, ಒಂದು ಎಲ್‌ಐಸಿ.
ಬರೆದು ಮುಗಿಸಿದರೂ ನಾಲ್ಕು ಗೆರೆ ಉಳಿದವು.

ಅದಕ್ಕೇ ರಾತ್ರಿ ಕೂತು
ಹನ್ನೊಂದು ವರ್ಷದಿಂದ ಕೊಂಡ ವಿಡಿಯೋ ಗೇಮುಗಳನ್ನೆಲ್ಲ
ಕಂಪ್ಯೂಟರಿನಿಂದ ಎಕ್ಸೆಲ್ ಹಾಳೆಗೆ ಇಳಿಸಿದೆ.
ಮುನ್ನೂರ ಹದಿನಾರು ಸಾಲು:
ಹೆಸರು, ಕೊಂಡ ದಿನ, ಆಡಿದ ಗಂಟೆ, ಕೊನೆಗೆ ಆಡಿದ್ದು.

ಟ್ರಿಪ್ ಶೀಟು ತಿದ್ದಿದ ಕಣ್ಣು ನನ್ನದು.
ಸಾಗರಕ್ಕೆ ಎಷ್ಟು ಡೀಸೆಲ್ಲು,
ಆಯನೂರಲ್ಲಿ ಟೀಗೆ ನಿಂತದ್ದು ಎಷ್ಟು ಹೊತ್ತು,
ಯಾರೂ ಹೇಳಬೇಕಿಲ್ಲ.
ಇಲ್ಲಿ ನೂರಾ ತೊಂಬತ್ತು ಸಾಲಿಗೆ ಗಂಟೆ ಸೊನ್ನೆ.
ಗೇಟೇ ದಾಟದ ಬಸ್ಸುಗಳು.
ಎಲ್ಲ ದೀಪಾವಳಿ ರಿಯಾಯಿತಿಯವು, ಅರವತ್ತೊಂಬತ್ತು, ತೊಂಬತ್ತೊಂಬತ್ತು.
ಗಾಂಧಿ ಬಜಾರಿನಲ್ಲಿ ಸೊಪ್ಪಿಗೆ ಚೌಕಾಸಿ ಮಾಡುವವಳು
ಇಷ್ಟು ಕೊಂಡೆನೇ?

ಎಂಬತ್ತೆಂಟನೆಯ ಸಾಲು ಮಾತ್ರ ಸೊಟ್ಟ.
ಆಟದ ಹೆಸರು ‘ಹೊಗೆ, ಹಳಿ’.
ನಡುವಿನ ಅಲ್ಪವಿರಾಮವನ್ನು ಹಾಳೆ ಗೋಡೆ ಅಂದುಕೊಂಡಿದೆ.
ಹಳಿ ಹೋಗಿ ಕೊಂಡ ದಿನದಲ್ಲಿ ಕೂತಿದೆ,
ಕೊಂಡ ದಿನ ಗಂಟೆಯಲ್ಲಿ, ಗಂಟೆ ಅದರಾಚೆ,
ಕೊನೆಯ ತಾರೀಖು ಹೆಸರೇ ಇಲ್ಲದ ಕಲಮಿನಲ್ಲಿ
ಫುಟ್‌ಬೋರ್ಡಿನ ಮೇಲೆ ಜೋತುಬಿದ್ದ ಹಾಗೆ.

ಕಂಡಕ್ಟರ್ ರುಬೀನಾ
ಹೊಸನಗರದ ಕೊನೇ ಟ್ರಿಪ್ಪು ಮುಗಿಸಿ
ಖಾಕಿಯಲ್ಲೇ ಬಂದು ಕೂರುತ್ತಿದ್ದಳು.
ಒಬ್ಬರು ಇಂಜಿನ್ನು, ಒಬ್ಬರು ಕಲ್ಲಿದ್ದಲು.
ಸುರಂಗ ಬಂದರೆ ಇಬ್ಬರೂ ತಲೆ ತಗ್ಗಿಸುತ್ತಿದ್ದೆವು,
ಇಪ್ಪತ್ತೊಂದು ಇಂಚಿನ ಪರದೆಯೆದುರು.
ಇನ್ನೂರ ಹನ್ನೆರಡು ಗಂಟೆ ಅನ್ನುತ್ತದೆ ಹಾಳೆ.
ನನ್ನ ಲೆಕ್ಕದಲ್ಲಿ ನಾನೂರ ಇಪ್ಪತ್ತನಾಲ್ಕು.
ಆಮೇಲೆ ಅವಳಿಗೆ ಶಿಕಾರಿಪುರಕ್ಕೆ ವರ್ಗ.

ಕರಾರು ಓದಿದೆ, ಹತ್ತು ಪುಟ, ಕನ್ನಡಕ ಒರೆಸಿ ಒರೆಸಿ.
ಕೊಂಡದ್ದು ಯಾವುದೂ ನನ್ನದಲ್ಲವಂತೆ,
ಆಡಲು ಅನುಮತಿ ಅಷ್ಟೇ, ಬಸ್ ಪಾಸಿನ ಹಾಗೆ.
ಇನ್ನು ಚರವೆಲ್ಲಿ, ಅಚರವೆಲ್ಲಿ?

ಸಾಲು ಸರಿಪಡಿಸುವುದು ಎರಡು ನಿಮಿಷದ ಕೆಲಸ.
ಮಾಡಲಿಲ್ಲ. ಹಾಗೇ ರುಬೀನಾಳಿಗೆ ಕಳಿಸಿದೆ.
ಬೆಳಿಗ್ಗೆ ಉತ್ತರ ಬಂತು:
‘ನೀನು ನಿದ್ದೆ ಹೋಗಿ ಇಂಜಿನ್ ಕೆಟ್ಟು ನಿಂತದ್ದು
ಯಾವ ಕಲಮಿನಲ್ಲಿದೆ, ತೋರ್ಸು.’

ಮ್ಯಾನೇಜರು ಫಾರಂ ತಿರುವಿ ಹೇಳಿದರು,
‘ಖಾಲಿ ಬಿಡಬಾರದು ಮೇಡಂ,
ಅಡ್ಡಗೆರೆ ಹೊಡೀರಿ.’
ಹೊಡೆದೆ. ಕೈ ಯಾಕೋ
ಎರಡು ಗೆರೆ ಎಳೆಯಿತು,
ಹಳಿಯ ಹಾಗೆ.