ಎರಡರಿಂದ ಏಳು

ನನ್ನದು ಗಡಿಯಾರದ ಅಂಗಡಿ ಡಾಕ್ಟ್ರೆ, ಕೋವಿಯದಲ್ಲ
ಎನ್ನುವಷ್ಟರಲ್ಲಿ ಗಾಜಿನ ಮೇಜಿನ ಮೇಲೆ
ಮೊಳದುದ್ದದ ಕರಿ ಕೊಳವೆ ಮಲಗಿಸಿಯಾಗಿತ್ತು.
ಆರರಿಂದ ಇಪ್ಪತ್ನಾಲ್ಕು ಪಟ್ಟು. ಟೆಂಡರಿನಲ್ಲಿ ಬಂದದ್ದು.
ಯಾವ ಅಂಕಿ ದೊಡ್ಡದೋ ಅದು ಗೆದ್ದಿತ್ತು,
ಮೀನುಪೇಟೆಯಲ್ಲಿ ತಲೆಯ ಗಾತ್ರ ನೋಡಿ
ಇಸೋಣ ಕೊಂಡ ಹಾಗೆ.

"ಇದರಲ್ಲಿ ಚಿರತೆ ಕಾಣುವುದಿಲ್ಲ ರೇವಣಕರ್,
ಬರೀ ಚುಕ್ಕೆ. ಯಾವುದು ತೊಡೆಯದು, ಯಾವುದು ಪಕ್ಕೆಯದು
ತಿಳಿಯುವಷ್ಟರಲ್ಲಿ ಅದು ಎದ್ದು ಹೋಗಿರುತ್ತದೆ"
ಎಂದರು ತಬಸ್ಸುಮ್ ಡಾಕ್ಟರು.
ಅವರದು ಸಾಯಿಸುವ ಗುಂಡಲ್ಲ, ಮಂಪರಿನ ಸೂಜಿ.
ಮೂವತ್ತು ಮೀಟರು ಅದಕ್ಕೆ ದೂರದ ಊರು.

ಮಾಳಿಗೆ ಹತ್ತಿ ದೇವಗಡದ ದೀಪಸ್ತಂಭಕ್ಕೆ ಹಿಡಿದೆ.
ಇಪ್ಪತ್ನಾಲ್ಕರಲ್ಲಿ ದೀಪಸ್ತಂಭ ಕುಣಿಯುತ್ತಿತ್ತು.
ಗಾಳಿ ಇರಲಿಲ್ಲ. ಅದು ನನ್ನ ನಾಡಿ,
ಬೆಳಗಿನ ಬಿಪಿ ಮಾತ್ರೆ ಮರೆತ ನಾಡಿ.
ಹತ್ತಿರ ತಂದಷ್ಟೂ ನೋಡುವವನೇ ಅಡ್ಡ ಬರುತ್ತಾನೆ.

ಎರಡರಿಂದ ಏಳರದ್ದು ತರಿಸಿ, ಸಾಕು, ಎಂದೆ.
ಮುಂದಿನ ಗಾಜು ಚಿಕ್ಕದಿರಲಿ; ದೊಡ್ಡ ಗಾಜಿಗೆ ಎತ್ತರದ ಬಳೆ ಬೇಕು,
ಬಳೆ ಎತ್ತರವಾದರೆ ಕೆನ್ನೆಗೆ ಆಸರೆ ತಪ್ಪುತ್ತದೆ.
ಕಣ್ಣು ತುಸು ಸರಿದರೂ ಗುರಿಯ ಮೇಲಿನ ಗೆರೆ ಸರಿಯಬಾರದು,
ನೂರಕ್ಕಲ್ಲ, ಮೂವತ್ತಕ್ಕೆ ಹೊಂದಿಸಿದ್ದು ಕೇಳಿ.
ಬರೆದುಕೊಂಡರು, ಔಷಧ ಚೀಟಿಯ ಬೆನ್ನಿಗೆ.

ಅಜ್ಜ ಬಂಗಾರದ ಬಳೆ ಮಾಡಿದ, ನನ್ನ ಪಾಲಿಗೆ ಬಂದದ್ದು ಉಕ್ಕಿನವು.
ಎರಡು ಬಳೆಯ ನಡುವೆ ಸರಳಿಟ್ಟು, ಮಸೆಯುವ ಪೇಸ್ಟು ಸವರಿ
ಇಡೀ ಮಧ್ಯಾಹ್ನ ಉಜ್ಜಿದೆ, ಒಂದೇ ಕೈಯಲ್ಲಿ ತೊಟ್ಟಂತಾಗುವ ತನಕ.
ಬೈತಖೋಲದ ಮಂಕಾಳಿ ಹರಿಕಂತ್ರ ಬಲೆಯ ಸೀಸ ಕೊಟ್ಟ;
ಗಂಟು ಹಾಕಿ ಎದುರು ಗೋಡೆಗೆ ಇಳಿಬಿಟ್ಟೆ.
ನೈಲಾನ್ ದಾರ ನಿಂತ ಮೇಲೆ
ಕೊಳವೆಯೊಳಗಿನ ಗೆರೆಯನ್ನು ಅದರ ಮೇಲೆ ಒರಗಿಸಿದೆ.
ಭೂಮಿ ಎಳೆಯುವ ಕಡೆಗೇ ಸೂಜಿ ಬೀಳುವುದಲ್ಲವೆ,
ಗೆರೆ ವಾರೆಯಾದರೆ ಲೆಕ್ಕವೂ ವಾರೆ.
ತಿರುಪುಗಳನ್ನು ಅಡ್ಡಡ್ಡ ಬಿಗಿದೆ, ಇದಕ್ಕೆ ಕಾಲು ಸುತ್ತು, ಅದಕ್ಕೆ ಕಾಲು,
ಕೊನೆಗೆ ತಲೆಯಿಂದ ಬಳೆಗೆ ಒಂದು ಗೀಟು,
ನನ್ನಾಕೆಯ ಕೆಂಪು ಉಗುರುಬಣ್ಣದ್ದು.
ಅಲುಗಿದರೆ ಗೀಟು ಮುರಿಯುತ್ತದೆ. ಸುಳ್ಳು ಹೇಳದು.

ಇನ್ನು ಜೋಪಾನ. ಕಾರವಾರದಲ್ಲಿ ಉಪ್ಪಿಗೆ ಕೈಕಾಲಿದೆ ಡಾಕ್ಟ್ರೆ,
ಜೂನಿನಲ್ಲಿ ಗಾಜಿಗೂ ಬೂಜು ಬೇರು ಬಿಡುತ್ತದೆ.
ಉಫ್ ಎಂದು ಊದಬೇಡಿ, ದುಪಟ್ಟಾ ಸೆರಗು ಬೇಡವೇ ಬೇಡ,
ಮರಳ ಕಣ ಒಂದಿದ್ದರೆ ಅದೇ ಉಳಿ.
ಮೊದಲು ರಬ್ಬರ್ ಬುರುಡೆಯ ಗಾಳಿ, ಆಮೇಲೆ ಕುಂಚ, ಕಟ್ಟಕಡೆಗೆ ಬಟ್ಟೆ.
ಒಳಗೆ ಒಣ ಗಾಳಿ ತುಂಬಿ ಮುಚ್ಚಿದ್ದಾರೆ,
ನಾನೂ ಬಿಚ್ಚುವುದಿಲ್ಲ, ನೀವೂ ಬಿಚ್ಚಬೇಡಿ.
ಮಲಗಿಸುವ ಮುನ್ನ ಎರಡಕ್ಕೆ ತಿರುಗಿಸಿಡಿ.
ಅದೇಕೆ ಎಂದರು.
ಗಡಿಬಿಡಿಯಲ್ಲಿ ಎತ್ತಿಕೊಂಡಾಗ ಮೊದಲು ಎಲ್ಲವೂ ಕಾಣಲಿ, ಎಂದೆ.

ಅಕ್ಟೋಬರಿನ ಒಂದು ಸೋಮವಾರ ಬಂದರು, ಬೂಟಿಗೆ ತುಕ್ಕಿನ ನೀರು.
"ಮುಚ್ಚಿದ ಐಸ್ ಫ್ಯಾಕ್ಟರಿ. ಪೈಪುಗಳ ಹಿಂದೆ ಮಲಗಿತ್ತು.
ಏಳರಲ್ಲಿ ತೊಡೆ ಚೊಕ್ಕ ಕಂಡಿತು, ಬೆರಳೂ ಇಟ್ಟಿದ್ದೆ.
ಯಾಕೋ ಎರಡಕ್ಕೆ ಇಳಿಸಿದೆ.
ಮೇಲಿನ ತೊಲೆಯ ಮೇಲೆ ಹುಡುಗ,
ಕೈಯಲ್ಲಿ ಮೊಬೈಲು, ಒಂದೇ ಕಾಲಿಗೆ ಚಪ್ಪಲಿ."
ಆಮೇಲೆ?
"ಹೆಂಚು ತೆಗೆದು ಅವನನ್ನು ಎಳೆಯಲು ನಲವತ್ತು ನಿಮಿಷ.
ಚಿರತೆ ಅಷ್ಟು ಹೊತ್ತೂ ಆಕಳಿಸಿತು."

ಭೂತಗನ್ನಡಿ ಕಣ್ಣಿಗಿಟ್ಟು ತಿರುಪು ನೋಡಿದೆ.
ಗೀಟು ಇಡಿಯಾಗಿದೆ.
ಇಲಾಖೆಯ ಬಿಲ್ಲು ಇನ್ನೂ ಪಾಸಾಗಿಲ್ಲ,
ಉಗುರುಬಣ್ಣದ ಶೀಸೆ ಎಲ್ಲಿ ಹೋಯಿತೆಂದು
ಮನೆಯಲ್ಲಿ ಇನ್ನೂ ಹುಡುಕುತ್ತಿದ್ದಾರೆ.