ಮೂವತ್ತೆರಡನೇ ತಾರೀಕು

ಮಂಜೇಶ್ವರ ಬಂದರಿನ ಐಸ್ ಪ್ಲಾಂಟಿನಲ್ಲಿ
ಒಂಬತ್ತರ ತನಕ ಎಲ್ಲ ಸರಿ ಇತ್ತು.
ಹತ್ತರ ಬೆಳಗ್ಗೆ ರಶೀದಿ ಹದಿನಾರು ಅಂದಿತು,
ಇಪ್ಪತ್ತಕ್ಕೆ ಮೂವತ್ತೆರಡು.

'ದುಡ್ಡಾ? ಬರುವ ಮೂವತ್ತೆರಡಕ್ಕೆ ಕೊಡುವ'
ನಕ್ಕು ಐಸು ಹೊತ್ತು ಹೋದರು ದೋಣಿಯವರು.
ರೈಟರ್ ಇದ್ದಿನಬ್ಬ ನಗಲಿಲ್ಲ, ಫೋನು ಮಾಡಿದರು.

ಮೀನಿನ ಹುರುಪೆ ಅಂಟಿದ ಮೇಜಿನ ಮೇಲೆ
ತೂಕದ ಯಂತ್ರದ ಹೊಟ್ಟೆ ಬಿಚ್ಚಿ ಕೂತೆ.
ಬಟನ್ ಸೆಲ್ಲಿನ ಪಕ್ಕ ಹುರುಳಿಕಾಳಿನಷ್ಟು ಚಿಪ್,
ಕರೆಂಟು ಹೋದರೂ ಎಣಿಕೆ ಬಿಡದ್ದು.
ಹತ್ತನ್ನು ಒಂದು ಗೂಡಲ್ಲಿ, ಬಿಡಿಯನ್ನು ಇನ್ನೊಂದರಲ್ಲಿ
ಒಂದನೇ ಕ್ಲಾಸಿನ ಮಕ್ಕಳ ಹಾಗೆ
ಒಪ್ಪವಾಗಿ ಇಟ್ಟಿತ್ತು ಪಾಪ.
ಹತ್ತರ ಗೂಡಿನ ಒಂದನ್ನು ಹದಿನಾರೆಂದು ಓದಿದ್ದು
ನನ್ನ ಸಾಲು.
ಒಂದನೇ ತಾರೀಕು ನಾನೇ ಹಾಕಿ,
ನೋಡಿ, ಸರಿ ಉಂಟೆಂದು ಸಹಿ ಮಾಡಿ ಹೋದದ್ದು.

ತಿದ್ದಿದೆ. ಚಾ ಆರುವಷ್ಟು ಹೊತ್ತು.
ಕಿರ್ರೆಂದು ಹೊರಬಂತು: ಇಪ್ಪತ್ತು.
'ಮೂವತ್ತೆರಡು ಅಂತ ಒಂದು ದಿನ
ಲೋಕದಲ್ಲೇ ಇಲ್ಲ' ಎಂದೆ, ಮುಚ್ಚಳ ಬಿಗಿಯುತ್ತ.

ಇದ್ದಿನಬ್ಬ ಎದ್ದು
ಗೋಡೆಯ ಕ್ಯಾಲೆಂಡರಿನ ಹಾಳೆ ಹಿಂದಕ್ಕೆ ಮಗುಚಿದರು.
ಇಂಗ್ಲಿಷ್ ಅಂಕಿಯ ಕಾಲಬುಡದಲ್ಲಿ
ಕಾರ್ತೆಲ್ ತಿಂಗಳ ಕೊನೆ, ಇರುವೆಯಷ್ಟು ಸಣ್ಣ
೩೨.

'ಇದಕ್ಕೆ ಯಾವ ಸ್ಕ್ರೂ, ಮಾರಾಯ್ತಿ?'